ಮೂರಂಕಣದ ಮನೆ

ಮಲೆನಾಡಿನಲ್ಲಿ ಮನೆಯ ಅಳತೆ ಹೇಳುವುದು ಅಂಕಣದ ಲೆಕ್ಕದಲ್ಲಿ. ಕಂಬದಿಂದ ಕಂಬಕ್ಕೆ ಒಂದು ಅಂಕಣ. 2006ರಲ್ಲಿ ನಾವು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಕೊಂಡದ್ದು ಮೂರಂಕಣದ ಹಳೆ ಮನೆ. ಅದರ ಸುತ್ತ ಇದ್ದ ಜಾಗ ಮಾತ್ರ 1 ಎಕರೆ 32 ಗುಂಟೆ. ನೋಡಲು ಬಂದ ನೆಂಟರೆಲ್ಲ ಕೇಳುತ್ತಿದ್ದದ್ದು ಒಂದೇ: ಇಷ್ಟು ಜಾಗ ಇದ್ದವರು ಮನೆ ಯಾಕೆ ಇಷ್ಟು ಸಣ್ಣದಾಗಿ ಕಟ್ಟಿಕೊಂಡರು?

ನನಗೂ ಅದೇ ಅನ್ನಿಸಿತ್ತು. ಜಂಬಿಟ್ಟಿಗೆ ಗೋಡೆ, ಸಗಣಿ ಸಾರಿಸಿದ ನೆಲ, ಒಂದು ಜಗಲಿ, ಒಂದು ಅಡುಗೆಮನೆ, ನಡುವೆ ಕತ್ತಲೆಯ ಒಂದು ಕೋಣೆ. ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕು. ಬಚ್ಚಲು ಹೊರಗೆ. ಹಿತ್ತಿಲಿಗೆ ಹೋದರೆ ಕಣ್ಣು ಅರಳುತ್ತಿತ್ತು. ನಾಲ್ಕು ಹಲಸಿನ ಮರ, ಅಪ್ಪೆಮಿಡಿ ಬಿಡುವ ಒಂದು ಮಾವು, ವಾಟೆಹುಳಿ, ಅಡಿಕೆ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಒಂದು ಗದ್ದೆಯ ತುಂಡು.

ಮಾರುವವರು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಗಂಡ ತೀರಿಕೊಂಡಿದ್ದರು, ಮಕ್ಕಳು ಪೇಟೆ ಸೇರಿದ್ದರು. ಕಬ್ಬಿಣದ ಟ್ರಂಕಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಕಾಗದವೊಂದನ್ನು ತೆಗೆದು ನನ್ನ ಕೈಗಿಟ್ಟರು. "ಓದಿ ಮೇಷ್ಟ್ರೇ, ಇದು ನಮ್ಮನೆಯವ್ರು ಡಿಕ್ಲರೇಷನ್ ಹಾಕಿ ತಗಂಡಿದ್ದು" ಎಂದರು.

ಅದು ಫಾರಂ ನಂಬರ್ 10. ಭೂನ್ಯಾಯ ಮಂಡಳಿ ಗೇಣಿದಾರನಿಗೆ ಅಧಿಭೋಗದ ಹಕ್ಕು ಕೊಟ್ಟ ಮೇಲೆ ಬರುವ ಪ್ರಮಾಣಪತ್ರ. ದೇವರಾಜ ಅರಸರ ಕಾಲದಲ್ಲಿ 1961ರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ಫಾರಂ 7ರಲ್ಲಿ ಅರ್ಜಿ ಕೊಟ್ಟು ಹಕ್ಕು ಪಡೆಯಬೇಕಿತ್ತು. ಅರ್ಜಿ ಕೊಡುವುದಕ್ಕೆ ನಮ್ಮ ಕಡೆ 'ಡಿಕ್ಲರೇಷನ್ ಹಾಕುವುದು' ಎನ್ನುತ್ತಾರೆ. ನಮ್ಮ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ 1951ರಲ್ಲೇ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದಿತ್ತು. ಅಂಥ ಸೀಮೆಯಲ್ಲಿ ಆ ಒಂದು ಹಾಳೆಗೆ ಎಷ್ಟು ಬೆಲೆಯಿತ್ತು ಎಂಬುದನ್ನು ಅಜ್ಜಿ ಅದನ್ನು ಹಿಡಿದಿದ್ದ ರೀತಿಯೇ ಹೇಳುತ್ತಿತ್ತು. ಮಂಡಳಿ ಕೊಟ್ಟ ಜಮೀನನ್ನು 15 ವರ್ಷ ಮಾರುವಂತಿಲ್ಲ. ಆ ಅವಧಿ ಯಾವತ್ತೋ ಮುಗಿದಿತ್ತು.

ಮನೆ ಸಣ್ಣದಾಗಿರುವ ಕಾರಣವೂ ಅಲ್ಲೇ ಇತ್ತು. ಒಡೆಯರ ಜಾಗದಲ್ಲಿ ಒಕ್ಕಲು ದೊಡ್ಡ ಮನೆ ಕಟ್ಟುವ ಹಾಗಿರಲಿಲ್ಲ. ನಾಳೆ ಬಿಟ್ಟೇಳು ಎಂದರೆ ಎದ್ದು ಹೋಗಬೇಕಾದವರು ಯಾವ ಧೈರ್ಯದಲ್ಲಿ ಕಟ್ಟಿಯಾರು? "ಮತ್ತೆ ಜಾಗ ನಿಮ್ಮದೇ ಆದ ಮೇಲೆ?" ಎಂದು ಕೇಳಿದೆ. "ಆಮೇಲೆ ಮರ ನೆಟ್ವಿ. ಮನೆ ಎಲ್ಲಿಗೆ ಓಡಿ ಹೋಗ್ತದೆ, ಮರ ತಡ ಆದ್ರೆ ಆಗ್ತದಾ?" ಎಂದರು. ಹಾಗೆ ನೆಟ್ಟ ಹಲಸು ಆ ಹೊತ್ತಿಗೆ ಅಂಗಳದ ಅರ್ಧಕ್ಕೆ ನೆರಳು ಹಾಸುತ್ತಿತ್ತು.

ಆಗ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಬೇರೆ ಆದಾಯ ವರ್ಷಕ್ಕೆ 2 ಲಕ್ಷ ಮುಟ್ಟಿದರೂ ಆಗುತ್ತಿರಲಿಲ್ಲ. ಆ ಕಲಮುಗಳು ಹೋದದ್ದು 2020ರಲ್ಲಿ. ನನ್ನ ಹೆಸರು ಊರಿನ ಅಪ್ಪನ ಜಮೀನಿನ ಪಹಣಿಯಲ್ಲಿ ಇದ್ದದ್ದರಿಂದ, ಮೇಷ್ಟರ ಸಂಬಳ ಆ ಮಿತಿಯ ಒಳಗೇ ಇದ್ದದ್ದರಿಂದ ದಾರಿ ಸುಗಮವಾಯಿತು. ಭೂಪರಿವರ್ತನೆ ಆಗದ ಜಾಗವೆಂದು ಬ್ಯಾಂಕಿನಲ್ಲಿ ಮನೆ ಸಾಲ ಹುಟ್ಟಲಿಲ್ಲ. ಹೆಂಡತಿಯ ಬಳೆ, ನನ್ನ ಪಿ.ಎಫ್. ಸೇರಿಸಿ ಹೊಂದಿಸಿದೆವು. ಅಜ್ಜಿಯ ಗಂಡುಮಕ್ಕಳ ಜೊತೆ ಹೆಣ್ಣುಮಕ್ಕಳೂ ಸಹಿ ಹಾಕಲು ಒಪ್ಪಿದರು. ಉಳಿದದ್ದು ಅಳತೆ.

ಅಳತೆಯ ದಿನ ಸರ್ವೆಯವರು ಟಿಪ್ಪಣಿಯ ನಕಲು, ಸರಪಳಿ ಹಿಡಿದು ಬೆಳಿಗ್ಗೆಯೇ ಬಂದರು. ನಮ್ಮ ಸರ್ವೆಯ ಸರಪಳಿ 33 ಅಡಿ ಉದ್ದ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಸೇರಿದರೆ ಎಕರೆ. ಪಕ್ಕದ ಜಮೀನಿನ ಗೌಡರೂ ಬಂದು ನಿಂತಿದ್ದರು. ನೈಋತ್ಯ ಮೂಲೆಯ ಬಾಂದುಕಲ್ಲು ಸಿಗದೆ ಎಲ್ಲರೂ ಪೊದೆ ಸವರುತ್ತಿದ್ದಾಗ, ಅಜ್ಜಿ ಕೋಲೂರಿಕೊಂಡು ಬಂದು ಒಂದು ಹುತ್ತದ ಬುಡ ತೋರಿಸಿದರು. ಕೆದಕಿದರೆ ಕಲ್ಲು ಅಲ್ಲೇ ಇತ್ತು, ನೆತ್ತಿಯ ಗುರುತು ಸಮೇತ.

ಆ ಕಲ್ಲಿನಿಂದ ಪಶ್ಚಿಮದ ಗಡಿ ಹಿಡಿದು ಸರಪಳಿ ಎಳೆದಾಗ ಎಲ್ಲರ ಮಾತೂ ನಿಂತಿತು. ಗೆರೆ ಬಾವಿಯ ಈಚೆ ಬದಿಯಿಂದ ಹೋಗಿತ್ತು. ಬಾವಿಕಟ್ಟೆಗೂ ಗೆರೆಗೂ ನಡುವೆ ಎರಡು ಆಣೆ, ನಾಲ್ಕಡಿಯಷ್ಟು ಜಾಗ. ಮನೆಗೆ ಇದ್ದ ಒಂದೇ ಬಾವಿ ಗೌಡರ ಸರ್ವೆ ನಂಬರಿನಲ್ಲಿತ್ತು.

ಸರ್ವೆಯವರು ಇನ್ನೊಮ್ಮೆ ಎಳೆದು ನೋಡಿದರು. ಲೆಕ್ಕ ಕದಲಲಿಲ್ಲ. ನನ್ನ ಹೆಂಡತಿ ನನ್ನ ಮುಖ ನೋಡಿದಳು. ನೀರಿಲ್ಲದ ಜಾಗಕ್ಕೆ ಬಳೆ ಮಾರಿದ ದುಡ್ಡು ಸುರಿಯುವುದೇ ಎಂದು ಅವಳ ಕಣ್ಣು ಕೇಳುತ್ತಿತ್ತು. ಗೌಡರ ಮಗನಿಗೆ ಆಗ ಇಪ್ಪತ್ತರ ಆಸುಪಾಸು. "ಹಂಗಾರೆ ಬಾವಿ ನಮ್ಮದೇ ಆಯ್ತಲ್ಲ ಅಪ್ಪಯ್ಯ" ಎಂದುಬಿಟ್ಟ.

ಗೌಡರು ಅವನಿಗೆ ಉತ್ತರ ಕೊಡಲಿಲ್ಲ. ಅಜ್ಜಿಯ ಕಡೆ ತಿರುಗಿ, "ಅಕ್ಕಾ, ನಿಂಗೆ ಇದು ಗೊತ್ತಿತ್ತಾ?" ಎಂದರು.

"ಗೊತ್ತಿಲ್ದೆ ಏನು? ನಮ್ಮತ್ತೆ ಹೇಳ್ತಿದ್ರು, ಬಾವಿ ಅವ್ರದ್ದು, ಗಡಗಡೆ ನಮ್ದು ಅಂತ. ನಿಮ್ಮಪ್ಪನೂ ನಮ್ಮ ಮಾವನೂ ಸೇರಿ ತೋಡಿದ್ದಲ್ಲನಾ? ಆಗ ಗೆರೆ ಎಲ್ಲಿತ್ತು? ಎರಡೂ ಒಡೇರ ಜಾಗನೇ."

ಅಷ್ಟು ಹೇಳಿದ ಮೇಲೆ ಚಿತ್ರ ಸ್ಪಷ್ಟವಾಯಿತು. ಎರಡೂ ಮನೆಯವರು ಒಬ್ಬರೇ ಒಡೆಯರ ಒಕ್ಕಲು. ಬಾವಿ ತೋಡಿದಾಗ ಅವರಿಗೆ ಸರ್ವೆ ನಂಬರಿನ ಹಂಗಿರಲಿಲ್ಲ, ನೀರು ಸಿಗುವ ಕಡೆ ತೋಡಿದರು. ಡಿಕ್ಲರೇಷನ್ ಆಗಿ ಒಬ್ಬೊಬ್ಬರಿಗೆ ಒಂದೊಂದು ನಂಬರು ಬಂದಾಗ ಬಾವಿ ಆ ಕಡೆಗೆ ಬಿತ್ತು. ಅದೇ ಗೆರೆಯಿಂದಾಗಿ ಗೌಡರು ಗದ್ದೆಗೆ ಇಳಿಯುವ ಕಾಲುದಾರಿ ಅಜ್ಜಿಯ ಕಡೆ ಉಳಿಯಿತು. ಅಷ್ಟೂ ವರ್ಷ ಇವರು ಅವರ ನೀರು ಸೇದಿದರು, ಅವರು ಇವರ ಹಿತ್ತಿಲಿನಲ್ಲಿ ನೇಗಿಲು ಹೊತ್ತು ನಡೆದರು.

ಮರುವಾರ ಗೌಡರೂ ನಾನೂ ಒಟ್ಟಿಗೆ ತೀರ್ಥಹಳ್ಳಿಯ ಪತ್ರ ಬರಹಗಾರರ ಬಳಿ ಕೂತೆವು. ಅವರು ಹಳೆಯ ಕೈ. 1882ರ ಅನುಭೋಗ ಹಕ್ಕಿನ ಕಾಯ್ದೆಯಲ್ಲಿ 20 ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕೆಂದು ಬಳಸಿದ ದಾರಿಗೂ ನೀರಿಗೂ ರಕ್ಷಣೆ ಇದೆ ಎಂದು ವಿವರಿಸಿದರು. "ಆದರೆ ಅದನ್ನ ಸಾಬೀತು ಮಾಡೋಕೆ ಕೋರ್ಟು ಹತ್ತಬೇಕು. ಇಬ್ಬರೂ ಇಲ್ಲೇ ಇದೀರಲ್ಲ, ಬರೆದು ರಿಜಿಸ್ಟರ್ ಮಾಡಿಸಿ" ಎಂದರು. ಜಾಗ ಕೊಳ್ಳುವ ಯಾರಿಗೇ ಆಗಲಿ ನಾನು ಇವತ್ತಿಗೂ ಇದನ್ನೇ ಹೇಳುತ್ತೇನೆ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಎಂದು ಬರೆಸಿದರೆ ಸಾಲದು. ಆ ನಾಲ್ಕೂ ಕಡೆಯವರು ನಿಮ್ಮ ಜಾಗದಲ್ಲಿ ಎಲ್ಲಿ ನಡೆಯುತ್ತಾರೆ, ನೀವು ಅವರಲ್ಲಿ ಏನು ಬಳಸುತ್ತೀರಿ ಎಂಬುದನ್ನು ಕೂತು ಕೇಳಬೇಕು. ಮನೆ ದೊಡ್ಡದಾಗಿ, ಜಾಗ ಸಣ್ಣದಾಗಿದ್ದರೆ ಗೋಡೆ ನೋಡಿ ವ್ಯಾಪಾರ ಮುಗಿಸಬಹುದೇನೋ. ಇಂಥ ಕಡೆ ಕೊಳ್ಳುವವರು ನೆರೆಯವರ ದಿನಚರಿಯೊಳಕ್ಕೇ ಹೋಗಿ ನಿಲ್ಲುತ್ತಾರೆ.

ಪತ್ರದಲ್ಲಿ ಬರೆಸಿದ್ದು ಇಷ್ಟು. ಬಾವಿಯ ನೀರು ಎರಡೂ ಮನೆಗೆ. ತೋಟಕ್ಕೆ ನೀರು ಬಿಡಲು ಯಾರೂ ಅದಕ್ಕೆ ಪಂಪು ಇಳಿಸಬಾರದು. ಬೇಸಿಗೆಯಲ್ಲಿ ಕೆಸರು ತೆಗೆಸುವ ಖರ್ಚು ಸಮಪಾಲು. ಕಾಲುದಾರಿ ಗೌಡರಿಗೆ, ಅವರ ಎತ್ತಿಗೆ, ಮುಂದೆ ಟಿಲ್ಲರಿಗೂ. ಅಜ್ಜಿ ತಾವೇ ಸೇರಿಸಿದ ಮಾತು ಒಂದು: ದಾರಿಯ ಬದಿಯ ಹಲಸನ್ನು ಕಡಿಯುವುದಾದರೆ ಎರಡೂ ಮನೆಯವರು ಒಪ್ಪಬೇಕು. ಅದನ್ನು ಕೇಳಿ ಗೌಡರು, "ಅದನ್ನ ಕಡಿಯೋರು ಯಾರು ಅಕ್ಕಾ" ಎಂದು ನಕ್ಕರು. ಆದರೂ ಬರೆಸಿದೆವು.

ಒಡೆದು ಆರ್‌ಸಿಸಿ ಕಟ್ಟಿ ಎಂದು ಎಷ್ಟೋ ಜನ ಹೇಳಿದರು. ಹೆಂಡತಿ ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ. ಒರಲೆ ತಿಂದ ರೀಪು, ಪಕಾಸಿ ಬದಲಾಯಿಸಿದೆವು. ಹೆಂಚು ಇಳಿಸುವಾಗ ಹಲವುಗಳ ಮೇಲೆ ಬಾಸೆಲ್ ಮಿಷನ್ನಿನ ಮುದ್ರೆಯೂ 1865 ಎಂಬ ಇಸವಿಯೂ ಕಂಡವು. ಅದು ಮಂಗಳೂರಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ಆದರೂ ಘಟ್ಟ ಹತ್ತಿ ಬಂದ ಹೆಂಚು ಅಷ್ಟು ಮಳೆಗಾಲ ಕಳೆದೂ ಗಟ್ಟಿಯಾಗಿತ್ತು. ತೊಳೆದು ಅವನ್ನೇ ಮತ್ತೆ ಹೊದಿಸಿದೆವು. ಹಿಂದೆ ಒಂದು ಅಂಕಣ ಸೇರಿಸಿದೆವು. ತೋಟಕ್ಕೆ ಕೆಳಗೆ ಬೇರೆ ಕೆರೆ ತೆಗೆಸಿದೆವು.

ಗೌಡರು ಈಗಿಲ್ಲ. ಅವರ ಮಕ್ಕಳು ಪಾಲಾಗುವಾಗ ಆ ಮಗನೇ ಬಂದು ಪತ್ರದ ನಕಲು ಕೇಳಿದ. ಬಾವಿ, ದಾರಿ, ಕೆಸರಿನ ಖರ್ಚು, ಹಲಸು ಎಲ್ಲವನ್ನೂ ತಮ್ಮ ಪಾಲುಪಟ್ಟಿಗೆ ಇದ್ದ ಹಾಗೇ ಸೇರಿಸಿ, ಅದರ ಒಂದು ಪ್ರತಿಯನ್ನು ನಮಗೂ ತಂದುಕೊಟ್ಟ.