ಉಸಿರು ಹಿಡಿಯಬೇಡಿ ಮೇಷ್ಟ್ರೇ!

ಜನವರಿಯ ಶನಿವಾರ ಬೆಳಿಗ್ಗೆ. ವೈಟ್‌ಫೀಲ್ಡ್‌ನ ಈಜುಕೊಳದ ನೀರು ಕೊರೆಯುತ್ತಿತ್ತು. ಸ್ಕೂಬಾ ಕ್ಲಬ್ಬಿನ ಎರಡು ದಿನಗಳ ತರಬೇತಿಗೆ ಬಂದವರಲ್ಲಿ ನಾನೇ ಹಿರಿಯ. ಸಮುದ್ರವಿಲ್ಲದ ಬೆಂಗಳೂರಿನಲ್ಲಿ ಮೊದಲ ಪಾಠ ಕೊಳದಲ್ಲೇ. ಮುಂದಿನದಕ್ಕೆ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪಕ್ಕೆ ಹೋಗಬೇಕು.

ಬೆನ್ನಿಗೆ ಸಿಲಿಂಡರ್, ಸೊಂಟಕ್ಕೆ ಸೀಸದ ತೂಕ. ಸಿಲಿಂಡರಿನಲ್ಲಿರುವುದು ಬರೀ ಆಮ್ಲಜನಕವಲ್ಲ, ನಾವು ದಿನವೂ ಉಸಿರಾಡುವ ಗಾಳಿಯೇ, ಸುಮಾರು 200 ಪಟ್ಟು ಒತ್ತಡದಲ್ಲಿ ತುಂಬಿದ್ದು. ಮೂರು ಮೀಟರ್ ಇಳಿಯುವಷ್ಟರಲ್ಲಿ ಕಿವಿ ನೋಯಿತು. ಮೂಗು ಹಿಡಿದು ಮೆಲ್ಲಗೆ ಊದಿದೆ. ಒಳಗಿನ, ಹೊರಗಿನ ಒತ್ತಡ ಸಮವಾಗಿ ನೋವು ಹೋಯಿತು.

ತಪ್ಪಾದದ್ದು ಮೇಲೇರುವಾಗ. ಗಾಬರಿಯಲ್ಲಿ ಉಸಿರು ಬಿಗಿಹಿಡಿದೆ. ತರಬೇತುದಾರರು ತಟ್ಟನೆ ತೋಳು ಹಿಡಿದು ನಿಲ್ಲಿಸಿ, ಗುಳ್ಳೆ ಬಿಟ್ಟು ತೋರಿಸಿದರು. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮವೇ ಇದು: ಒತ್ತಡ ಇಳಿದರೆ ಗಾಳಿ ಹಿಗ್ಗುತ್ತದೆ. ಸಮುದ್ರದಲ್ಲಿ ಹತ್ತು ಮೀಟರ್ ಆಳದಿಂದ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ. ಉಸಿರು ಹಿಡಿದರೆ ಶ್ವಾಸಕೋಶವೇ ಹರಿದೀತು. ಅದಕ್ಕೆ ಕೊಳದ ಆಳವೂ ಸಾಕು.

ಮೂವತ್ತು ವರ್ಷ ಇದನ್ನೇ ಕರಿಹಲಗೆಯ ಮೇಲೆ ಬರೆದವನು ನಾನು! ಭಾನುವಾರ ಗುಳ್ಳೆ ಬಿಡುತ್ತಲೇ ಮೇಲೆ ಬಂದೆ. ಸೋಮವಾರ ತರಗತಿಗೆ ಸೂಜಿಯಿಲ್ಲದ ಸಿರಿಂಜ್ ಒಯ್ದೆ. ಮಕ್ಕಳೇ, ನೀವೂ ಅದರ ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ ನೋಡಿ. ಬಾಯ್ಲ್ ನಿಯಮ ಬೆರಳಿಗೇ ಗೊತ್ತಾಗುತ್ತದೆ.