ಹಳೆಯ ಪದ, ಹೊಸ ಧಾಟಿ

ಚನ್ನಪಟ್ಟಣದ ಸಮೀಪದ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನನ್ನು ಕಂಡೇ ಪುರಂದರದಾಸರು ‘ಜಗದೋದ್ಧಾರನ’ ಎಂಬ ಪದವನ್ನು ರಚಿಸಿದರೆಂದು ನಮ್ಮ ಸೀಮೆಯ ಪ್ರತೀತಿ. ಅದನ್ನು ಬಿ. ಎಸ್. ರಾಜಯ್ಯಂಗಾರರು ಗ್ರಾಮಫೋನ್ ತಟ್ಟೆಯ ಮೂಲಕ ಮನೆಮನೆಗೆ ಮುಟ್ಟಿಸಿದರು, ಎಂ. ಎಸ್. ಸುಬ್ಬುಲಕ್ಷ್ಮಿಯವರು ಕಾಪಿರಾಗದಲ್ಲಿ ಹಾಡಿ ಮೆರೆಯಿಸಿದರು. ಗದಗಿನ ಭೀಮಸೇನ ಜೋಶಿಯವರಾದರೋ ದಾಸರ ಪದಗಳಿಗೆ ಹಿಂದೂಸ್ಥಾನೀ ಗಾಯನದ ಉಡುಗೆಯನ್ನೇ ತೊಡಿಸಿದರು. ಇದು ಸಂಪ್ರದಾಯಕ್ಕೆ ಸಮ್ಮತವೇ?

ಪಾಠಶಾಲೆಯಲ್ಲಿ ವೇದವನ್ನೋದಿದ ನನಗೆ ಸ್ವರ ತಪ್ಪುವುದು ದೋಷವೆಂಬ ಸಂಸ್ಕಾರವುಂಟು. ಆದರೆ 1564ರಲ್ಲಿ ಕಾಲವಾದ ದಾಸರು ಹಾಡಿದ ಮಟ್ಟುಗಳು ಬಹುಪಾಲು ಉಳಿದುಬಂದಿಲ್ಲ, ಉಳಿದುದು ಸಾಹಿತ್ಯ. ಆದುದರಿಂದ ನಾವು ಹಳೆಯದೆಂದು ಕಾಪಾಡುವ ಧಾಟಿಯೂ ಒಂದು ಕಾಲಕ್ಕೆ ಯಾರೋ ಗಾಯಕರ ನೂತನ ಕಲ್ಪನೆಯೇ. ಮಂತ್ರಕ್ಕೆ ಸ್ವರ ನಿಯತ. ಪದಕ್ಕೆ ಭಾವ ನಿಯತ. ನಮ್ಮ ಮಕ್ಕಳು ಹೊಸ ಧಾಟಿಯಲ್ಲಿ ಹಾಡಿದರೆ ಗದರುವುದು ಬೇಡ. ಯಶೋದೆಯ ವಾತ್ಸಲ್ಯ ಅದರಲ್ಲಿ ಉಳಿದಿದೆಯೇ ಎಂದು ಮಾತ್ರ ಕಿವಿಗೊಟ್ಟು ಕೇಳೋಣ.