ಚೌಪಾಟಿಯ ಮರಳಿನಡಿಯ ತೊರಕೆ

ಮುಂಬಯಿಗೆ ಬಂದು ಹನ್ನೆರಡು ವರ್ಷವಾಯಿತು. ಗಣಪತಿ ವಿಸರ್ಜನೆಗೆ ಗಿರಗಾಂವ ಚೌಪಾಟಿಗೆ ಹೋಗದಿದ್ದರೆ ನಮ್ಮ ಮನೆಯವರಿಗೆ ಸಮಾಧಾನವಿಲ್ಲ. ಕಳೆದ ಸಲ ವಾದ್ಯಗಳ ಗದ್ದಲದ ನಡುವೆ ಧ್ವನಿವರ್ಧಕ ಒಂದೇ ಸಮನೆ ಕೂಗುತ್ತಿತ್ತು: ನೀರಿನಲ್ಲಿ ಪಾಕಟವಿದೆ, ಬರಿಗಾಲಿನಲ್ಲಿ ಇಳಿಯಬೇಡಿ!

ಹೊಸದಾಗಿ ವರ್ಗವಾಗಿ ಬಂದ ಧಾರವಾಡದ ಮಿತ್ರರೊಬ್ಬರು ಜೊತೆಗಿದ್ದರು. "ಪಾಕಟ ಅಂದ್ರ ಏನ್ರೀ? ಪಾಕೀಟು ಕದಿಯೋರೇನು?" ಎಂದು ಜೇಬು ಮುಟ್ಟಿಕೊಂಡರು. ನಗು ಬಂತು, ಮರುಕ್ಷಣವೇ ಎದೆ ಧಸಕ್ಕೆಂದಿತು. ಎಂಟು ವರ್ಷದ ಮಗ ಆಗಲೇ ಮೊಳಕಾಲುದ್ದ ನೀರಿನಲ್ಲಿದ್ದ.

"ಕಾಲೆತ್ತಬೇಡ! ಮರಳಿಗೆ ಉಜ್ಜುತ್ತಾ ಬಾ!" ಎಂದು ಕೂಗಿದೆ.

ಮರಾಠಿಯ ಪಾಕಟವೇ ನಮ್ಮ ಗಂಗೊಳ್ಳಿಯ ತೊರಕೆ. ಮೊರದಂತೆ ಚಪ್ಪಟೆ ಮೈ, ಚಾಟಿಯಂಥ ಬಾಲ. ಮೈಯಲ್ಲಿ ಎಲುಬಿಲ್ಲ, ಬರೀ ಮೃದ್ವಸ್ಥಿ. ಏಡಿ, ಸಿಗಡಿ ಹುಡುಕುತ್ತ ಆಳವಿಲ್ಲದ ನೀರಿಗೂ ಬರುತ್ತದೆ. ಬಾಯಿ ಹೊಟ್ಟೆಯ ಕಡೆ, ಕಣ್ಣು ಬೆನ್ನಿನ ಕಡೆ. ತಿನ್ನುವುದು ತನಗೇ ಕಾಣದು! ಆದರೆ ಬೇಟೆಯ ಮೈಯಿಂದ ಹೊರಡುವ ಅತಿ ಸೂಕ್ಷ್ಮ ವಿದ್ಯುತ್ತನ್ನು ಅದು ಗುರುತಿಸಬಲ್ಲದು. ಮರಳು ಹೊದ್ದು ಮಲಗಿದಾಗ ಕಣ್ಣಿನ ಹಿಂದಿನ ಎರಡು ರಂಧ್ರಗಳಿಂದ ನೀರೆಳೆದು ಉಸಿರಾಡುತ್ತದೆ. ಮೊಟ್ಟೆಯಿಡದೆ, ಗರ್ಭದಲ್ಲೇ ಹಾಲಿನಂಥ ರಸವೂಡಿಸಿ ಮರಿಹಾಕುತ್ತದೆ. ಇಷ್ಟು ಸಾಧು ಪ್ರಾಣಿ ತಾನಾಗಿ ಯಾರ ಮೇಲೂ ಬೀಳುವುದಿಲ್ಲ.

ಮೆಟ್ಟಿದರೆ ಮಾತ್ರ ಬಾಲ ಮೇಲೇಳುತ್ತದೆ. ಅದರಲ್ಲಿ ಗರಗಸದಂಥ ಮುಳ್ಳು. ಹಲ್ಲುಗಳು ಹಿಂದಕ್ಕೆ ಬಾಗಿರುವುದರಿಂದ ಹೊರಬರುವಾಗ ಮಾಂಸವನ್ನು ಸೀಳುತ್ತದೆ. ಮುಳ್ಳಿನ ಮೇಲಿನ ತೆಳುಪೊರೆ ಹರಿದು ವಿಷ ಗಾಯಕ್ಕಿಳಿಯುತ್ತದೆ. ಬಲೆಯಲ್ಲಿ ತೊರಕೆ ಬಂದರೆ ನಮ್ಮೂರ ಮೊಗವೀರರು ಮೊದಲು ಬಾಲ ಕಡಿದೇ ಮುಂದಿನ ಮಾತು. 2013ರ ವಿಸರ್ಜನೆಯಲ್ಲಿ ಇದೇ ಚೌಪಾಟಿಯಲ್ಲಿ ಹತ್ತಾರು ಮಂದಿ ಚುಚ್ಚಿಸಿಕೊಂಡು ಆಸ್ಪತ್ರೆ ಸೇರಿದ್ದರು. 2006ರಲ್ಲಿ ಆಸ್ಟ್ರೇಲಿಯದ ಸ್ಟೀವ್ ಇರ್ವಿನ್ ಎದೆಗೆ ಮುಳ್ಳು ನಾಟಿ ತೀರಿಕೊಂಡರು. ಅಂಥ ಸಾವು ಬಹಳ ಅಪರೂಪ. ಕಾಲಿಗೆ ಚುಚ್ಚುವುದೇ ಸಾಮಾನ್ಯ.

ಕಾಲಿಗೆ ಚುಚ್ಚಿದರೆ ತಡೆದುಕೊಳ್ಳಬಹುದಾದಷ್ಟು, ಸುಮಾರು 45 ಡಿಗ್ರಿ ಸೆಂಟಿಗ್ರೇಡಿನ, ಬಿಸಿನೀರಿನಲ್ಲಿ 30ರಿಂದ 90 ನಿಮಿಷ ಕಾಲಿಡಬೇಕು, ನೋವು ಇಳಿಯುತ್ತದೆ. ನೋವಿನಲ್ಲಿ ಬಿಸಿ ತಿಳಿಯದೆ ಸುಟ್ಟೀತು. ಬೇರೆಯವರು ಕೈಯಿಟ್ಟು ನೋಡಬೇಕು. ಮುಳ್ಳಿನ ಚೂರು ಒಳಗೇ ಉಳಿಯುವುದುಂಟು, ಆದ್ದರಿಂದ ವೈದ್ಯರಿಗೆ ತೋರಿಸಲೇಬೇಕು. ಎದೆಗೋ ಹೊಟ್ಟೆಗೋ ನಾಟಿದ್ದರೆ ಮುಳ್ಳನ್ನು ಕೀಳದೆ ಆಸ್ಪತ್ರೆಗೆ ಒಯ್ಯಬೇಕು.

ಕಾಲುಜ್ಜಿ ನಡೆದರೆ ಮರಳು ಅಲುಗುತ್ತದೆ, ತೊರಕೆ ತಾನೇ ಸರಿದುಹೋಗುತ್ತದೆ. ಮಗ ಬಾಗಿಲಲ್ಲಿ ಕಾಲೊರಸುವವನಂತೆ ಒಂದೊಂದೇ ಹೆಜ್ಜೆ ಉಜ್ಜುತ್ತ ದಡ ಸೇರಿದ. ಅವನನ್ನು ಎತ್ತಿಕೊಂಡಾಗ ನನ್ನ ಕೈ ನಡುಗುತ್ತಿತ್ತು.

"ಕಾಲೆಳೆದು ನಡೆಯಬೇಡ ಅಂತ ದಿನಾ ಬೈಯುತ್ತಿದ್ದವರು ನೀವೇ ಅಲ್ಲವೇ?" ಎಂದಳು ನನ್ನಾಕೆ.